48 ಕೆಜಿ ಆಂಪ್ಲಿಫೈಯರ್ ಎತ್ತುವಾಗ ಮುಂದಕ್ಕೆ ವಾಲುತ್ತಿದ್ದರೆ

ಇಬ್ಬರು ಹಿಡಿದರೂ ಮುಂದಕ್ಕೆ ವಾಲುತ್ತದೆ, ರ‍್ಯಾಕಿನ ಕೆಳಹಲಗೆಗೆ ಸೇರಿಸಲಾಗುತ್ತಿಲ್ಲ ಎಂದಿದ್ದೀರಿ. ಕಾರಣ ಬಹುಶಃ ಟ್ರಾನ್ಸ್‌ಫಾರ್ಮರ್. ತೂಕದ ದೊಡ್ಡ ಪಾಲು ಅದರದೇ, ಹಲವು ಮಾದರಿಗಳಲ್ಲಿ ಅದು ಮುಂಫಲಕದ ಬೆನ್ನಿಗೇ ಕೂತಿರುತ್ತದೆ. ಕೆಲವದರಲ್ಲಿ ಒಂದು ಪಕ್ಕಕ್ಕಿರುವುದೂ ಉಂಟು. ಹಾಗಾಗಿ ನಾಲ್ಕೂ ಬದಿಯನ್ನು ಒಂದೊಂದಾಗಿ ಬೆರಳಗಲ ಎತ್ತಿ ನೋಡಿ, ಭಾರದ ಕಡೆ ಯಾವುದೆಂದು ಕೈಗೇ ತಿಳಿಯುತ್ತದೆ.

ಆಫ್ ಮಾಡಿ, ಪ್ಲಗ್ ಕಿತ್ತು, ವೈರುಗಳನ್ನೆಲ್ಲ ಬಿಚ್ಚಿ. ಉಂಗುರ, ವಾಚು, ಬೆಲ್ಟ್ ತೆಗೆದಿಡಿ. ಫಲಕಕ್ಕೆ ಗೀರು ಬೀಳುವುದು ಇವುಗಳಿಂದಲೇ. ದಪ್ಪ ಕಂಬಳಿಯ ಮೇಲೆ ಕೂರಿಸಿ ರ‍್ಯಾಕಿನವರೆಗೆ ಎಳೆಯಿರಿ. ಹೊತ್ತು ನಡೆಯುವ ಅಗತ್ಯವೇ ಇಲ್ಲ. ಹಲಗೆ ಎಷ್ಟು ಕೆಜಿ ತಡೆಯುತ್ತದೆ ಎಂಬುದನ್ನು ಈಗಲೇ ನೋಡಿಕೊಳ್ಳಿ.

ಎತ್ತುವಾಗ ಎಡಕ್ಕೊಬ್ಬರು, ಬಲಕ್ಕೊಬ್ಬರು ಮೊಣಕಾಲು ಮಡಚಿ ಕೂರಿ. ಹಿಂದೆ ಮುಂದೆ ನಿಂತರೆ ಭಾರವೆಲ್ಲ ಒಬ್ಬರ ಸೊಂಟಕ್ಕೇ ಬೀಳುತ್ತದೆ. ಕೈ ತಳಕ್ಕೇ ಹೋಗಲಿ, ಹೀಟ್‌ಸಿಂಕಿನ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ) ಚೂಪು ಅಂಚು ಬೆರಳು ಕೊಯ್ಯುತ್ತದೆ.

ನಿಜವಾದ ತೊಡಕು ರಬ್ಬರ್ ಕಾಲುಗಳದು. ಅವು ಹಲಗೆಗೆ ಕಚ್ಚಿಕೊಂಡು ಜಾರುವುದಿಲ್ಲ, ಜೋರಾಗಿ ತಳ್ಳಿದರೆ ಕಿತ್ತೇ ಬರುತ್ತವೆ. ನುಣುಪು ರಟ್ಟಿನ ಎರಡು ಉದ್ದ ಪಟ್ಟಿ ಕತ್ತರಿಸಿ, ಎಡಗಾಲುಗಳಿಗೊಂದು ಬಲಗಾಲುಗಳಿಗೊಂದು ಬರುವಂತೆ ಹಲಗೆಯ ಮೇಲೆ ಹಾಸಿ. ತುದಿ ಒಂದು ಗೇಣು ಹೊರಗಿರಲಿ. ಹಗುರವಾದ ಹಿಂಬದಿಯ ಕಾಲುಗಳನ್ನು ಮೊದಲು ಊರಿ, ಮುಂಭಾಗವನ್ನು ಇಬ್ಬರೂ ಎತ್ತಿ ಹಿಡಿದು ನಿಧಾನಕ್ಕೆ ಒಳಗೆ ತಳ್ಳಿ. ಕೂತ ಮೇಲೆ ಒಬ್ಬರು ಒಂದು ಪಕ್ಕವನ್ನು ಸ್ವಲ್ಪವೇ ಎತ್ತಲಿ, ಇನ್ನೊಬ್ಬರು ಆ ಕಡೆಯ ಪಟ್ಟಿ ಎಳೆದುಕೊಳ್ಳಲಿ. ಆಮೇಲೆ ಇನ್ನೊಂದು ಪಕ್ಕ.