ಲಾಯೂನ್ ಯಾವ ದೇಶದ ಊರು?

ಪತ್ರ: ಕಳೆದ ಸಂಚಿಕೆಯ ಚಿತ್ರವೊಂದರ ಕೆಳಗೆ ‘ಮೊರಾಕ್ಕೋದ ಲಾಯೂನ್ ನಗರ’ ಎಂದು ಅಚ್ಚಾಗಿದೆ. ನನ್ನ ಮಗಳ ಅಟ್ಲಾಸಿನಲ್ಲಿ ಆ ಊರಿನ ಉತ್ತರಕ್ಕೆ ಚುಕ್ಕೆಗೆರೆ ಎಳೆದು, ಕೆಳಗೆ ‘ಪಶ್ಚಿಮ ಸಹಾರಾ’ ಎಂದು ಬರೆದಿದ್ದಾರೆ. ಯಾವುದು ಸರಿ?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ನಿಮ್ಮ ಮಗಳ ಅಟ್ಲಾಸೇ ಸರಿ. ತಪ್ಪು ನಮ್ಮದು. ಊರನ್ನು ಆಳುತ್ತಿರುವುದು ಮೊರಾಕ್ಕೋ, ನಿಜ. ಆದರೆ ಆಳುತ್ತಿದ್ದ ಮಾತ್ರಕ್ಕೆ ನೆಲ ಅವರದ್ದೆಂದು ಇತ್ಯರ್ಥವಾಗುವುದಿಲ್ಲ. ವಿಶ್ವಸಂಸ್ಥೆ 1963ರಿಂದಲೂ ಈ ಪ್ರದೇಶವನ್ನು ಸ್ವಯಮಾಡಳಿತ ದಕ್ಕದ ನಾಡುಗಳ ಪಟ್ಟಿಯಲ್ಲಿ ಇಟ್ಟಿದೆ.

ಅರಬ್ಬಿಯಲ್ಲಿ ‘ಅಲ್ ಉಯೂನ್’ ಎಂದರೆ ಚಿಲುಮೆಗಳು, ಕಣ್ಣುಗಳೆಂದೂ ಅರ್ಥ. ನಮ್ಮಲ್ಲಿ ಬಾವಿ ತೋಡುವವರು ‘ಜಲದ ಕಣ್ಣು’ ಎನ್ನುತ್ತಾರಲ್ಲ, ಹಾಗೆ. ಬಹುಕಾಲ ಒಣಗಿಯೇ ಇರುವ ಸಾಗಿಯಾ ಅಲ್ ಹಮ್ರಾ ಹೊಳೆಯ ದಂಡೆಯಲ್ಲಿ 1938ರಲ್ಲಿ ಸ್ಪೇನಿನವರು ಕಟ್ಟಿದ ಊರು ಇದು. ಬಿಸಿಲ ಝಳ ಇಳಿಸಲು ಅವರು ಮನೆಗಳ ಮೇಲೆ ಗುಮ್ಮಟ ಕಟ್ಟಿಸಿದರು, ಅರ್ಧ ಮೊಟ್ಟೆಯ ಚಿಪ್ಪು ಕವುಚಿಟ್ಟಂತೆ. ಇಂದು ಇಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಆಗ್ನೇಯಕ್ಕಿರುವ ಬೂ ಕ್ರಾ ಗಣಿಯಿಂದ ಕಡಲತೀರದವರೆಗೆ, ಸುಮಾರು 100 ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ ಮೇಲೆ, ರಸಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಸಾಗುತ್ತದೆ. ಗಾಳಿಗೆ ಹಾರಿ ಪಕ್ಕದ ಮರಳ ಮೇಲೆ ಕುಳಿತ ಅದರ ಬಿಳಿ ಹುಡಿ ಉಪಗ್ರಹದ ಚಿತ್ರಗಳಲ್ಲೂ ಗೆರೆಯಾಗಿ ಕಾಣುತ್ತದೆ.

1975ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಇಲ್ಲಿಯ ಜನರ ಸ್ವನಿರ್ಣಯದ ಹಕ್ಕಿಗೆ ಅಡ್ಡಬರುವಂಥ ಯಾವ ಸಾರ್ವಭೌಮತ್ವದ ನಂಟೂ ಮೊರಾಕ್ಕೋಗಾಗಲಿ ಮಾರಿಟೇನಿಯಾಗಾಗಲಿ ಇಲ್ಲ ಎಂದಿತು. ಮರು ತಿಂಗಳೇ ಮೊರಾಕ್ಕೋ ದೊರೆ ಎರಡನೆಯ ಹಸನ್ ಸುಮಾರು ಮೂರೂವರೆ ಲಕ್ಷ ಜನರನ್ನು ಗಡಿ ದಾಟಲು ಕಳುಹಿಸಿದ. ಸ್ಪೇನ್ ಜಾಗ ಖಾಲಿ ಮಾಡಿತು. ಇಲ್ಲಿಯ ಮೂಲನಿವಾಸಿಗಳಾದ ಸಹ್ರಾವಿಗಳ ಪೊಲಿಸಾರಿಯೊ ಸಂಘಟನೆ ಮೊರಾಕ್ಕೋ ವಿರುದ್ಧ ಯುದ್ಧಕ್ಕಿಳಿದು, 1976ರಲ್ಲಿ ಗಣರಾಜ್ಯ ಘೋಷಿಸಿತು. ನಮ್ಮ ಭಾರತವೂ 1985ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ಹಿಂಪಡೆಯಿತು. 1991ರ ಕದನವಿರಾಮದ ಬಳಿಕ, ಸ್ವತಂತ್ರವಾಗಬೇಕೋ ಮೊರಾಕ್ಕೋ ಜೊತೆ ಸೇರಬೇಕೋ ಎಂದು ಇಲ್ಲಿಯ ಜನರನ್ನೇ ಕೇಳುವ ಜನಮತಗಣನೆ ನಡೆಸಲೆಂದೇ ಬಂದ ವಿಶ್ವಸಂಸ್ಥೆಯ ತಂಡ ಲಾಯೂನಿನಲ್ಲಿ ಕಚೇರಿ ತೆರೆಯಿತು. ಇವತ್ತಿನವರೆಗೆ ಒಂದು ಮತವೂ ಬಿದ್ದಿಲ್ಲ.

ನನ್ನನ್ನು ಬಹಳ ಕಾಡುವುದು ಇನ್ನೊಂದು ಲಾಯೂನ್. ಯುದ್ಧದಲ್ಲಿ ಅಲ್ಜೀರಿಯಾದ ಟಿಂಡೂಫ್ ಬಳಿಗೆ ಓಡಿಹೋದವರು ತಮ್ಮ ನಿರಾಶ್ರಿತ ಶಿಬಿರಗಳಿಗೆ ಬಿಟ್ಟುಬಂದ ಊರುಗಳ ಹೆಸರನ್ನೇ ಇಟ್ಟರು: ಸ್ಮಾರಾ, ದಾಖ್ಲಾ, ಲಾಯೂನ್. ಅಲ್ಲಿ ಹುಟ್ಟಿ ಬೆಳೆದು ಈಗ ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ಅವರಿಗೂ ಆ ಊರಿಗೂ ನಡುವೆ ಮೊರಾಕ್ಕೋ ಸೇನೆ ಎಬ್ಬಿಸಿದ ಸುಮಾರು 2,700 ಕಿಲೋಮೀಟರ್ ಉದ್ದದ ಮರಳಿನ ಒಡ್ಡು, ಅದರುದ್ದಕ್ಕೂ ಹೂತಿಟ್ಟ ನೆಲಬಾಂಬುಗಳು.

ಚಿತ್ರದ ಕೆಳಗಿನ ಸಾಲನ್ನು ‘ಪಶ್ಚಿಮ ಸಹಾರಾದ ಲಾಯೂನ್, ಈಗ ಮೊರಾಕ್ಕೋ ಆಡಳಿತದಲ್ಲಿದೆ’ ಎಂದು ದಯವಿಟ್ಟು ತಿದ್ದಿಕೊಳ್ಳಿ. ಮಗಳಿಗೂ ತೋರಿಸಿ.