ಪಿಜಿಗೆ ಅರ್ಜಿ ಹಾಕುವ ಮೊದಲು ಪ್ರೆಸ್ ನೋಡಿ ಬಾ

ಪ್ರಶ್ನೆ: ಸರ್, ನಾನು ವಿಜಯಪುರದವಳು. ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ಗಾಂಧಿ ಚೌಕದ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ಸ್ವಲ್ಪ ವುಡ್‌ಕಟ್ (ಮರ ಕೆತ್ತಿ ಒತ್ತುವ ಅಚ್ಚು), ಎಚಿಂಗ್ (ತಗಡನ್ನು ಆಸಿಡ್‌ನಲ್ಲಿ ಕೊರೆದು ಒತ್ತುವ ಅಚ್ಚು) ಮಾಡಿದ್ದೆ. ಅದರ ಗುಂಗು ಬಿಟ್ಟಿಲ್ಲ. ಗ್ರಾಫಿಕ್ ಆರ್ಟ್ಸ್‌ನಲ್ಲಿ ಪಿಜಿ ಮಾಡುವ ಆಸೆ. ಅಪ್ಪ, 'ಕಂಪ್ಯೂಟರಿನಲ್ಲಿ ಈಗಲೇ ಗ್ರಾಫಿಕ್ಸ್ ಮಾಡ್ತೀಯಲ್ಲ, ಮತ್ತೆ ಎರಡು ವರ್ಷ ಯಾಕೆ?' ಅನ್ನುತ್ತಾರೆ. ಎಲ್ಲಿ ಸೇರಲಿ? ಮುಂದೆ ಕೆಲಸ ಸಿಗುತ್ತದಾ?

ಉತ್ತರ: ತಂಗಿ, ಮೊದಲು ಅಪ್ಪನ ವಿಷಯ. ಅವರು ಹೇಳುತ್ತಿರುವುದು ಗ್ರಾಫಿಕ್ ಡಿಸೈನ್. ಅದಕ್ಕೆ ಅಹಮದಾಬಾದಿನ ಎನ್‌ಐಡಿ ಇದೆ, ಮುಂಬೈ ಐಐಟಿಯ ಐಡಿಸಿ ಇದೆ. ಒಂದಕ್ಕೆ ಡ್ಯಾಟ್ ಪ್ರವೇಶ ಪರೀಕ್ಷೆ, ಇನ್ನೊಂದಕ್ಕೆ ಸೀಡ್. ನಿನಗೆ ಬೇಕಾಗಿರುವ ಗ್ರಾಫಿಕ್ ಆರ್ಟ್ಸ್ ಅಚ್ಚಿನ ಕೆಲಸ, ಮರ, ತಗಡು, ಕಲ್ಲಿನ ಮೇಲೆ ಚಿತ್ರ ಮಾಡಿ ಕಾಗದಕ್ಕೆ ಒತ್ತುವುದು. ಅದರ ದಾರಿ ಬೇರೆ. ಅಪ್ಪನಿಗೆ ಭಾಷಣ ಮಾಡಬೇಡ. ನೆಂಟರ ಪೈಕಿ ಯಾರದಾದರೂ ಹಳೇ ಮನೆಯ ದೇವರ ಕೋಣೆಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಇದ್ದರೆ ತೋರಿಸು. 1894ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಲೋಣಾವಳಾ ಹತ್ತಿರದ ಮಳವಲಿಗೆ ಹೋದ ಪ್ರೆಸ್ ಅದು. ಆ ಸೀರೆಯ ಕೆಂಪು, ಕಮಲದ ಗುಲಾಬಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಮ್ಮ ಮೊದಲ ಪತ್ರಿಕೆ ಮಂಗಳೂರ ಸಮಾಚಾರವೂ 1843ರಲ್ಲಿ ಕಲ್ಲಚ್ಚಿನಲ್ಲೇ ಬಂದದ್ದು.

ಇನ್ನು ಪಿಜಿ. ನಾನು ಬರೋಡಾದಲ್ಲಿ ಕಲಿತವನು, ಆಮೇಲೆ ನಿವೃತ್ತಿಯವರೆಗೂ ಇದನ್ನೇ ಕಲಿಸಿದೆ. ಎರಡು ವರ್ಷದಲ್ಲಿ ನಿನಗೆ ಸಿಗುವ ದೊಡ್ಡ ಆಸ್ತಿ ಪ್ರೆಸ್ಸು ಮತ್ತು ಅದರ ಪಕ್ಕ ನಿಂತು ಬೈಯುವ ಒಬ್ಬರು. ಲಿಥೋ, ಅಂದರೆ ಕಲ್ಲಚ್ಚಿನ ಕಲ್ಲನ್ನೇ ತೆಗೆದುಕೋ. ಅದರ ಮೇಲೆ ಹಿಂದಿನವರ ಚಿತ್ರ ಇರುತ್ತದೆ, ಅಳಿಸಬೇಕು. ಕಲ್ಲಿಗೆ ನೀರು ಹಾಕಿ, ಕಾರ್ಬೊರಂಡಮ್ ಪುಡಿ ಉದುರಿಸಿ, ಮೇಲೆ ಇನ್ನೊಂದು ಕಲ್ಲಿಟ್ಟು ಎಂಟರ ಅಂಕಿಯ ಹಾಗೆ ತಿರುಗಿಸುತ್ತಾ ಹೋಗಬೇಕು. ಶುರುವಿಗೆ ಗರಗರ ಸದ್ದು. ಪುಡಿ ಸವೆದು ಬೂದು ರಾಡಿಯಾದಾಗ ಸದ್ದು ಮೆತ್ತಗಾಗಿ ಮೇಲಿನ ಕಲ್ಲು ಹಿಡಿಯತೊಡಗುತ್ತದೆ. ತೊಳೆ, ಮತ್ತೆ ಪುಡಿ ಹಾಕು. ಮೊದಲು ದಪ್ಪನೆಯದು, ಬರಬರುತ್ತಾ ನುಣ್ಣನೆಯದು. ಮೇಲ್ಮೈ ಸಮ ಇದೆಯಾ ಅಂತ ನೋಡಲು ಉಕ್ಕಿನ ಪಟ್ಟಿ ಇಟ್ಟು, ಅಡಿಯಲ್ಲಿ ಕಾಗದದ ಚೂರು ಸಿಕ್ಕಿಸಿ ಎಳೆಯಬೇಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ತಗ್ಗಿದೆ, ಆ ಜಾಗ ಸರಿಯಾಗಿ ಅಚ್ಚಾಗುವುದಿಲ್ಲ. ರಟ್ಟೆ ಬಿದ್ದುಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಆ ಸದ್ದಿನ ವ್ಯತ್ಯಾಸ ಯೂಟ್ಯೂಬಿನಲ್ಲಿ ಕೈಗೆ ಹತ್ತುವುದಿಲ್ಲ.

ಹಾಗಾಗಿ ಕಾಲೇಜಿನ ಹೆಸರು ಆಮೇಲೆ, ವರ್ಕ್‌ಶಾಪ್ ಮೊದಲು. ಬರೋಡಾದ ಗ್ರಾಫಿಕ್ ಆರ್ಟ್ಸ್ ವಿಭಾಗ, ಅಚ್ಚಿನ ಕಲಾವಿದ ಸೋಮನಾಥ್ ಹೋರ್ ಕಲಿಸಿದ ಶಾಂತಿನಿಕೇತನದ ಕಲಾಭವನ, ಹೈದರಾಬಾದ್ ವಿಶ್ವವಿದ್ಯಾಲಯ, ಮುಂಬೈಯ ಜೆ.ಜೆ. ಕಲಾಶಾಲೆ, ನಮ್ಮಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ. ಇವುಗಳಲ್ಲಿ ಎರಡಕ್ಕಾದರೂ ಹೋಗಿ ಬಾ. ಹೈದರಾಬಾದ್, ಮುಂಬೈ ಎರಡೂ ನಿನಗೆ ಒಂದು ರಾತ್ರಿಯ ದಾರಿ. ಪ್ರದರ್ಶನದ ದಿನ ಬೇಡ, ಸುಮ್ನೆ ಒಂದು ಬುಧವಾರ ಹೋಗು. ಪ್ರೆಸ್ಸಿನ ಬೆಡ್ ಮೇಲೆ ತುಕ್ಕು ಇದೆಯಾ? ರೋಲರುಗಳನ್ನು ತೂಗುಹಾಕಿದ್ದಾರಾ, ಟೇಬಲ್ ಮೇಲೆ ಮಲಗಿಸಿದ್ದಾರಾ? ಮಲಗಿಸಿದರೆ ಒಂದು ಕಡೆ ಚಪ್ಪಟೆಯಾಗುತ್ತವೆ, ಅಲ್ಲಿ ಕೇಳುವವರಿಲ್ಲ ಅಂತ ತಿಳಿ. ಆಸಿಡ್ ಟ್ರೇ ಪಕ್ಕ ಕೋಳಿ ಪುಕ್ಕ ಬಿದ್ದಿದ್ದರೆ ಒಳ್ಳೆಯದು. ಜಿಂಕ್ ತಗಡು ನೈಟ್ರಿಕ್ ಆಸಿಡ್‌ನಲ್ಲಿ ಕೊರೆಯುವಾಗ ಏಳುವ ಗುಳ್ಳೆ ಸವರಲು ಅದು ಬೇಕು. ಆದರೆ ಆ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲವಾ? ಅರ್ಜಿಯನ್ನೇ ಹಾಕಬೇಡ. ಆ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು.

ವಿಭಾಗದ ಮುಖ್ಯಸ್ಥರಿಗಿಂತ ಸೀನಿಯರ್ ಹುಡುಗಿಯರನ್ನು ಕೇಳು: ವರ್ಕ್‌ಶಾಪ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹಾಸ್ಟೆಲ್ ಗೇಟ್ ಎಷ್ಟಕ್ಕೆ ಹಾಕುತ್ತಾರೆ? ಹುಡುಗರು ರಾತ್ರಿ ಪ್ರೆಸ್ ತಿರುಗಿಸುವಾಗ ನೀನು ರೂಮಿನಲ್ಲಿ ಕೂತಿದ್ದರೆ ಅರ್ಧ ಕೋರ್ಸ್ ಹೋದ ಹಾಗೆ ಅಲ್ವಾ?

ಕೆಲಸ? ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಪಿಜಿಯಲ್ಲಿ 55 ಶೇಕಡಾ (ಮೀಸಲಾತಿ ಇದ್ದರೆ 50), ಜೊತೆಗೆ ದೃಶ್ಯಕಲೆಯಲ್ಲಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಹುದ್ದೆಗಳು ಕಡಿಮೆ. ಪ್ರಿಂಟ್ ಮಾರಿ ಮನೆ ನಡೆಸುವವರು ಇನ್ನೂ ಕಡಿಮೆ. ಕೋರ್ಸ್ ಮುಗಿದ ಮೇಲೆ ಪ್ರೆಸ್ ಎಲ್ಲಿ ಅನ್ನುವುದನ್ನೂ ಈಗಲೇ ಯೋಚಿಸು. ಲಲಿತಕಲಾ ಅಕಾಡೆಮಿಯ ಚೆನ್ನೈ ಕೇಂದ್ರದಲ್ಲಿ, ದೆಹಲಿಯ ಗಢಿಯಲ್ಲಿ ಸ್ಟುಡಿಯೋ ಇದೆ. ಮನೆಯಲ್ಲಾದರೆ ಲಿನೋ (ಲಿನೋಲಿಯಂ ಹಾಳೆ ಕೆತ್ತಿ ಒತ್ತುವ ಅಚ್ಚು) ಸಾಕು. ಕೋಲು ಹಿಡಿದು ನಡೆಯುವ ದಂಡಿಯ ಗಾಂಧೀಜಿ, 1930ರಲ್ಲಿ ನಂದಲಾಲ್ ಬೋಸ್ ಮಾಡಿದ್ದು, ಲಿನೋಕಟ್ಟೇ. ಚಮಚದ ಬೆನ್ನಿನಲ್ಲಿ ಉಜ್ಜಿದರೂ ಅಚ್ಚು ಬರುತ್ತದೆ.

ಫ್ಲೆಕ್ಸ್ ಅಂಗಡಿಯನ್ನು ಕೀಳಾಗಿ ನೋಡಬೇಡ. ಚಿತ್ರವನ್ನು ನಾಲ್ಕು ಬಣ್ಣಗಳಾಗಿ ಬಿಡಿಸುವ ಲೆಕ್ಕ ನಿನಗೆ ಈಗಲೇ ಗೊತ್ತು, ಕ್ಲಾಸಿನಲ್ಲಿ ಎಷ್ಟೋ ಜನ ಅಲ್ಲೇ ಒದ್ದಾಡುತ್ತಾರೆ. ಸಂದರ್ಶನಕ್ಕೆ ಫೋಟೋ ಅಲ್ಲ, ಅಸಲಿ ಪ್ರಿಂಟ್ ಒಯ್ಯಿ. ಕೆಳಗೆ ಎಡಕ್ಕೆ ಪ್ರತಿಯ ಸಂಖ್ಯೆ, ಬಲಕ್ಕೆ ಸಹಿ, ಪೆನ್ಸಿಲ್ಲಿನಲ್ಲಿ.

ಪ್ರಶ್ನೆ: ಲಿಥೋ ಕಲ್ಲು ಸುಣ್ಣದ ಕಲ್ಲಂತೆ. ನಮ್ಮ ಶಹಾಬಾದ್ ಕಲ್ಲಿನಲ್ಲಿ ಆಗುವುದಿಲ್ಲವೇ? (ಬಾಗಲಕೋಟೆಯ ಓದುಗ)

ಉತ್ತರ: ಜಾತಿ ಒಂದೇ, ಗುಣ ಬೇರೆ. 1796ರಲ್ಲಿ ಸೆನೆಫೆಲ್ಡರ್ ಈ ವಿದ್ಯೆ ಕಂಡುಕೊಂಡದ್ದು ಜರ್ಮನಿಯ ಬವೇರಿಯಾದಲ್ಲಿ. ಅಲ್ಲಿನ ಜೋಲ್ನ್‌ಹೋಫನ್ ಕಲ್ಲಿನ ಕಣ ಬಹಳ ನುಣುಪು, ಎಲ್ಲ ಕಡೆ ಒಂದೇ ಸಮ. ನಮ್ಮ ನೆಲಕ್ಕೆ ಹಾಸುವ ತೆಳು ಹಲಗೆ ಪ್ರೆಸ್ಸಿನ ಒತ್ತಡಕ್ಕೆ ಫಟ್ಟೆಂದು ಒಡೆಯುತ್ತದೆ. ಆಸೆ ಇದ್ದರೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಾಡಿ ನೋಡಿ. ಜಿಡ್ಡಿನ ಕ್ರೇಯಾನಿನಲ್ಲಿ ಚಿತ್ರ ಬರೆದು, ಮೇಲೆ ಕೋಲಾ ಸುರಿದು ತೊಳೆಯಿರಿ, ಅಡುಗೆ ಎಣ್ಣೆಯಲ್ಲಿ ಒರೆಸಿ, ನೀರಿನ ಸ್ಪಂಜು ಆಡಿಸಿ ಎಣ್ಣೆ ಇಂಕ್ ಉರುಳಿಸಿ. ನೀರಿನ ಇಂಕ್ ನಡೆಯುವುದಿಲ್ಲ. ಫಾಯಿಲ್‌ಗೆ ಬೆರಳು ತಾಗಿಸಬೇಡಿ, ಆ ಜಿಡ್ಡೂ ಅಚ್ಚಾಗುತ್ತದೆ.