ಜೂಮ್ ಮಾಡಿದಾಗ ಕಾಣುವ ಕಾಳುಕಾಳು ಕ್ಯಾಮೆರಾದ ದೋಷವಾ?

24 ಮೆಗಾಪಿಕ್ಸೆಲ್ ಕ್ಯಾಮೆರಾ ತಗೊಂಡಿದ್ದೀರಿ, ರಾತ್ರಿ ತೆಗೆದ ಫೋಟೊ ಮೊಬೈಲಿನಲ್ಲಿ ಚೆನ್ನಾಗಿದೆ, ಕಂಪ್ಯೂಟರಿನಲ್ಲಿ 100% ಜೂಮ್ ಮಾಡಿದರೆ ಕಾಳುಕಾಳು, ಕ್ಯಾಮೆರಾ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನೀವು ಹೇಳಿದ್ದು ಕೇಳಿದರೆ ಕೆಟ್ಟಿರುವ ಹಾಗಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ನಿಮ್ಮ ಫೋಟೊ 6000×4000 ಪಿಕ್ಸೆಲ್. ಫುಲ್ ಎಚ್‌ಡಿ ಮಾನಿಟರ್ 1920×1080. 100%ನಲ್ಲಿ ಫೋಟೊದ ಒಂದು ಪಿಕ್ಸೆಲ್‌ಗೆ ಪರದೆಯದ್ದೂ ಒಂದೇ ಪಿಕ್ಸೆಲ್. ಅಂದರೆ ನಿಮಗೆ ಕಾಣುವುದು ಫೋಟೊದ ಹನ್ನೆರಡರಲ್ಲಿ ಒಂದು ಪಾಲು. 24 ಇಂಚಿನ ಮಾನಿಟರಿನಲ್ಲಿ ಆ ಲೆಕ್ಕಕ್ಕೆ ಪೂರ್ತಿ ಫೋಟೊ ಸುಮಾರು ಐದೂವರೆ ಅಡಿ ಅಗಲ ಆಗುತ್ತದೆ. ಅಷ್ಟು ದೊಡ್ಡ ಚಿತ್ರವನ್ನು ಎರಡಡಿ ದೂರದಿಂದ ಯಾರೂ ನೋಡುವುದಿಲ್ಲ, ಅಲ್ವಾ? ಮೊಬೈಲಿನಲ್ಲಿ ಅದೇ ಫೋಟೊ ಚಿಕ್ಕದಾಗಿ ತೋರುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆಯುತ್ತವೆ. ನಾಲ್ಕು ಬೆರೆತು ಒಂದಾದರೆ ನಾಯ್ಸ್, ಅಂದರೆ ಈ ಕಾಳುಕಾಳು, ಸುಮಾರು ಅರ್ಧಕ್ಕಿಳಿಯುತ್ತದೆ, ಹದಿನಾರು ಬೆರೆತರೆ ಕಾಲು ಭಾಗಕ್ಕೆ.

ಕಾಳು ಬರುವುದು ಯಾಕೆ? ಅಂಗಳದಲ್ಲಿ ಸಾಲಾಗಿ ಲೋಟ ಇಟ್ಟಿದ್ದೀರಿ ಅಂದುಕೊಳ್ಳಿ. ತುಂತುರು ಬಂದು ನಿಂತರೆ ಒಂದರಲ್ಲಿ ಎಂಟು ಹನಿ, ಪಕ್ಕದ್ದರಲ್ಲಿ ಹದಿಮೂರು. ಜಡಿಮಳೆ ಹೊಡೆದರೆ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ. ಬೆಳಕೂ ಕ್ಯಾಮೆರಾದೊಳಗೆ ಅದನ್ನು ಹಿಡಿಯುವ ಸೆನ್ಸರಿನ ಮೇಲೆ ಹೀಗೇ ಹನಿಹನಿಯಾಗಿ ಬೀಳುತ್ತದೆ. ಸರಾಸರಿ 100 ಹನಿ ಬೀಳುವ ಕಡೆ ಏರುಪೇರು ಸುಮಾರು 10, ಅಂದರೆ 10%. 10,000 ಬೀಳುವ ಕಡೆ 100, ಬರೀ 1%. ಅದಕ್ಕೇ ಕತ್ತಲಿರುವ ಜಾಗದಲ್ಲಿ ಕಾಳು ಎದ್ದು ಕಾಣುತ್ತದೆ.

ನಾನು ಯಕ್ಷಗಾನದ ಫೋಟೊ ತೆಗೆಯುತ್ತೇನೆ. ಮೊದಲೆಲ್ಲ ನಾಯ್ಸ್‌ಗೆ ಹೆದರಿ ಐಎಸ್‌ಒ 800 ದಾಟುತ್ತಿರಲಿಲ್ಲ (ಐಎಸ್‌ಒ ಅಂದರೆ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ಬೆಳ್ಳಗೆ ತೋರಿಸಬೇಕು ಅನ್ನುವ ಸೆಟ್ಟಿಂಗ್). ಕಪ್ಪಾಗಿ ಬಂದ ಫೋಟೊಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುತ್ತಿದ್ದೆ. ಕಾಳು ಕಮ್ಮಿ ಆಗಲೇ ಇಲ್ಲ. ಐಎಸ್‌ಒ ಇಳಿಸಿದರೆ ಸೆನ್ಸರಿಗೆ ಬೀಳುವ ಬೆಳಕೇನೂ ಹೆಚ್ಚುವುದಿಲ್ಲವಲ್ಲ! ಕಂಪ್ಯೂಟರಿನಲ್ಲಿ ಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಜಾಸ್ತಿ ಎಳೆದೆ. ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿ, ಅಕ್ಕಿಹಿಟ್ಟಿನಲ್ಲಿ ಗಂಟೆಗಟ್ಟಲೆ ಕೂತು ಇಟ್ಟ ಆ ಸಣ್ಣ ಸಣ್ಣ ಮುಳ್ಳುಗಳು, ಮೇಣ ಕರಗಿದ ಹಾಗೆ ಕಲಸಿಹೋದವು. ಬಹಳ ಬೇಜಾರಾಯಿತು. ಈಗ ಧೈರ್ಯವಾಗಿ 6400 ಇಡುತ್ತೇನೆ, ಮುಖದ ಮೇಲೆ ಬೆಳಕು ಬೀಳುವ ಹೊತ್ತಿಗೆ ಕಾಯುತ್ತೇನೆ.

100% ಜೂಮನ್ನು ಫೋಕಸ್ ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ನಾಯ್ಸ್ ಎಷ್ಟಿದೆ ಅಂತ ನೋಡಬೇಕಾದರೆ ಒಂದು 12×18 ಇಂಚಿನ ಪ್ರಿಂಟ್ ಹಾಕಿಸಿ. ಇಂಚಿಗೆ 333 ಪಿಕ್ಸೆಲ್ ಸಿಗುತ್ತದೆ, ಧಾರಾಳ ಸಾಕು. ನನ್ನ 6400ರ ಫೋಟೊ ಒಂದರಲ್ಲಿ ವೇಷದ ಹಿಂದಿನ ಕತ್ತಲೆಯ ತುಂಬ ಕೆಂಪು, ಹಸಿರು ಚುಕ್ಕಿ ಇತ್ತು. ಪ್ರಿಂಟಿನಲ್ಲಿ ಆ ಕಪ್ಪು ಬರೀ ಕಪ್ಪು. ಚುಟ್ಟಿಯನ್ನು ಒಂದೊಂದಾಗಿ ಎಣಿಸಬಹುದು.